ಮರಳಲ್ಲಿ ಕ್ಯಾಂಪರ್‌ವ್ಯಾನ್ ಓಡುತ್ತಾ?

ಪ್ರಶ್ನೆ: ಗೆಳೆಯರೆಲ್ಲ ಸೇರಿ ಎರಡು ಕ್ಯಾಂಪರ್‌ವ್ಯಾನ್ (ಒಳಗೇ ಮಲಗಿ, ಅಡುಗೆ ಮಾಡಿಕೊಳ್ಳೋ ವ್ಯಾನ್) ಬಾಡಿಗೆಗೆ ತಗೊಂಡು ನಮೀಬಿಯಾದ ಸೋಸಸ್‌ವ್ಲೇ ಮರಳುದಿಣ್ಣೆ ನೋಡಬೇಕು ಅಂತಿದ್ದೇವೆ. ವ್ಯಾನ್ ಅಲ್ಲಿ ತನಕ ಹೋಗುತ್ತಾ?

ಉತ್ತರ: ಬಹುಪಾಲು ಹೋಗುತ್ತದೆ. ಉದ್ಯಾನದ ಪ್ರವೇಶದ್ವಾರವಾದ ಸೆಸ್ರೀಮ್ ಗೇಟಿನಿಂದ ಸುಮಾರು 60 ಕಿ.ಮೀ. ಡಾಂಬರು, ಆರಾಮ. ಕೊನೆಯ 5 ಕಿ.ಮೀ. ಮಾತ್ರ ಮೆತ್ತನೆ ಮರಳು. ಫೋರ್ ವೀಲ್ ಡ್ರೈವ್ ಇಲ್ಲದಿದ್ದರೆ ಡಾಂಬರು ಮುಗಿಯುವಲ್ಲೇ ನಿಲ್ಲಿಸಿ ಶಟಲ್ ವಾಹನ ಹತ್ತಿ. ಇದ್ದರೂ ಟೈರಿನ ಗಾಳಿ ಇಳಿಸದೆ ನುಗ್ಗಬೇಡಿ, ಚಕ್ರ ಹೂತ ಮೇಲೆ ಆಕ್ಸಿಲರೇಟರ್ ಒತ್ತಿದಷ್ಟೂ ಅದು ತನ್ನ ಗುಂಡಿ ತಾನೇ ತೋಡಿಕೊಳ್ಳುತ್ತದೆ.

ನಿಜವಾದ ತಲೆನೋವು ಸೆಸ್ರೀಮ್‌ಗೆ ಬರುವ ಜಲ್ಲಿ ರಸ್ತೆ. ಉದ್ದಕ್ಕೂ ಸಣ್ಣ ಸಣ್ಣ ಏರಿಳಿತ, ಒಳಗಿನ ಪಾತ್ರೆಯೆಲ್ಲ ಗಡಗಡ. 80ರ ವೇಗ ದಾಟಬೇಡಿ. ಎರಡೂ ವ್ಯಾನ್ ಅಂಟಿಕೊಂಡು ಹೋದರೆ ಹಿಂದಿನವರಿಗೆ ಧೂಳೇ ಗತಿ, ಅಲ್ವಾ? ದೂರ ಇರಲಿ. ಡೀಸೆಲ್ ದಾರಿಯ ಪುಟ್ಟ ಊರು ಸಾಲಿಟೇರ್‌ನಲ್ಲೇ ತುಂಬಿಸಿಕೊಳ್ಳಿ.