ಗುಗ್ಗೆ ಅಂತ ಕಿವಿಗೆ ಎಣ್ಣೆ ಹಾಕಿ ಕೂರಬೇಡಿ

ನನಗೆ 41, ಆರು ವರ್ಷದಿಂದ ಲೂಪಸ್. ನಾಲ್ಕು ದಿನದ ಹಿಂದೆ ಬೆಳಿಗ್ಗೆ ಏಳುವಾಗಲೇ ಎಡಗಿವಿ ಮುಚ್ಚಿಕೊಂಡಿತ್ತು, ಒಳಗೆ ಗುಂಯ್ ಸದ್ದು. ಅತ್ತೆ ಬೆಳ್ಳುಳ್ಳಿ ಎಣ್ಣೆ ಬಿಟ್ಟರು. ಲೂಪಸ್‌ಗೆ ನುಂಗುವ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆಯಿಂದಲೇ ಹೀಗಾಯಿತೆಂದು ನಿಲ್ಲಿಸಿದ್ದೇನೆ. ಸರಿ ಅಲ್ವಾ? (ಡೊಂಬಿವಲಿ)

ಸರಿಯಲ್ಲ. ನಿಮಗೆ ಫೋನಿನಲ್ಲೇ ಬೈದಾಗಿದೆ. ಇಲ್ಲಿ ಬರೆಯುತ್ತಿರುವುದು ಉಳಿದವರಿಗೆ. ಈ ತಿಂಗಳು ಇಂಥದ್ದೇ ಮೂರನೇ ಪತ್ರ.

ಲೂಪಸ್ ಅಂದರೆ ದೇಹದ ರೋಗನಿರೋಧಕ ಶಕ್ತಿ ದೇಹದ ಮೇಲೇ ತಿರುಗಿಬೀಳುವ ಕಾಯಿಲೆ. ಅದು ಇದ್ದವರು ಕೀಲು, ಕಿಡ್ನಿ ಎಲ್ಲ ತೋರಿಸುತ್ತಾರೆ. ಕಿವಿ ಮಾತ್ರ ಗುಗ್ಗೆಯ ಲೆಕ್ಕಕ್ಕೆ. ಒಳಕಿವಿಗೆ ರಕ್ತ ಹೋಗುವುದು ಒಂದು ಸಣ್ಣ ನಾಳದಲ್ಲಿ. ಅದು ಊದಿಕೊಂಡರೆ ಅಥವಾ ರಕ್ತ ಹೆಪ್ಪುಗಟ್ಟಿ ಕಟ್ಟಿಕೊಂಡರೆ ಬದಲಿ ದಾರಿ ಇಲ್ಲ. ಮುಂಬೈನ ದಾದರ್‌ನಲ್ಲಿ ಲೋಕಲ್ ರೈಲು ನಿಂತರೆ ಬೆಸ್ಟ್ ಬಸ್ಸಾದರೂ ಸಿಗುತ್ತದೆ, ಕಿವಿಗೆ ಅದೂ ಇಲ್ಲ.

ಬಾಯಿ ಮುಚ್ಚಿ 'ಹ್ಮ್‌ಮ್' ಅಂತ ಗುನುಗಿ ನೋಡಿ. ಮುಚ್ಚಿದ ಕಿವಿಯಲ್ಲೇ ಜೋರಾಗಿ ಕೇಳಿದರೆ ಗುಗ್ಗೆ, ನೆಗಡಿ ಇರುವ ಸಂಭವ ಜಾಸ್ತಿ. ಸದ್ದು ಒಳ್ಳೆ ಕಿವಿಯ ಕಡೆ ಸರಿದರೆ ಒಳಕಿವಿಯದೋ ನರದ್ದೋ ತೊಂದರೆ ಇರಬಹುದು. ಅವತ್ತೇ ಕಿವಿ ಡಾಕ್ಟರ ಹತ್ತಿರ ಹೋಗಿ. ಗುನುಗಿದ್ದು ಪಾಸಾಯಿತು ಅಂತ ಮನೆಯಲ್ಲಿ ಕೂರಲೂಬೇಡಿ, ಆಡಿಯೋಗ್ರಾಮ್ (ಯಂತ್ರದಲ್ಲಿ ಕೇಳುವ ಶಕ್ತಿ ಅಳೆಯುವ ಪರೀಕ್ಷೆ) ಬೇಕೇ ಬೇಕು. 3 ದಿನದೊಳಗೆ, ಒತ್ತೊತ್ತಿನ ಮೂರು ಫ್ರೀಕ್ವೆನ್ಸಿಗಳಲ್ಲಿ (ಸದ್ದಿನ ಸ್ವರದ ಮಟ್ಟಗಳಲ್ಲಿ) ಕೇಳುವ ಶಕ್ತಿ 30 ಡೆಸಿಬಲ್ ಕುಸಿದಿದ್ದರೆ ಅದು ತುರ್ತು. ಸ್ಟೀರಾಯ್ಡ್ ಮೊದಲ 2 ವಾರದೊಳಗೆ ಶುರುವಾಗಬೇಕು, ಬೇಗ ಆದಷ್ಟೂ ಒಳ್ಳೆಯದು. ಸಕ್ಕರೆ ಕಾಯಿಲೆಯವರಿಗೆ ಕಿವಿಪರದೆಯ ಮೂಲಕ ಇಂಜೆಕ್ಷನ್ ಕೊಡುವುದೂ ಉಂಟು. ಡೋಸ್ ಬರೆಯುವುದಿಲ್ಲ. ಬರೆದರೆ ನಾಳೆ ನೀವೇ ಮೆಡಿಕಲ್ ಅಂಗಡಿಗೆ ಹೋಗುತ್ತೀರಿ.

ಇನ್ನು ಆ ಮಾತ್ರೆ. ಅದರಿಂದ ಕಿವಿ ಕೆಡುವುದು ಅಪರೂಪ. ಸುಮ್ನೆ ನಿಲ್ಲಿಸಿದರೆ ಲೂಪಸ್ ಕೆರಳಬಹುದು, ಆಗ ಕಿಡ್ನಿಗೂ ಕುತ್ತು. ಅದು ಕೆಡಿಸಬಹುದಾದ್ದು ಕಣ್ಣನ್ನು. ಮಾತ್ರೆ ಶುರುಮಾಡಿ 5 ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ಕಣ್ಣು ತೋರಿಸಬೇಕು. ಅದನ್ನು ಒಬ್ಬರೂ ಕೇಳುವುದಿಲ್ಲ.

ಚೌಪಾಟಿಯಲ್ಲಿ ಕಿವಿ ಶುಚಿ ಮಾಡುವ ಕೆಂಪು ಪಗಡಿಯವನು ನನ್ನ ಕಿವಿಯಿಂದ ಕಲ್ಲು ತೆಗೆದ. ಮತ್ತೆ ಬೆಳೆಯುತ್ತದೆಯೇ? (ಮುಲುಂಡ್)

ಕಲ್ಲು ಇದ್ದದ್ದು ಅವನ ಅಂಗೈಯಲ್ಲಿ.

ಕಿವಿ ಪದೇ ಪದೇ ಕೆಂಪಾಗಿ ಊದುತ್ತದೆ, ಓಲೆ ಹಾಕುವ ಹಾಲೆ ಮಾತ್ರ ಚೆನ್ನಾಗಿದೆ. ಸೋಂಕೇ? (ಪುಣೆ)

ಹಾಲೆಯಲ್ಲಿ ಮೃದ್ವಸ್ಥಿ ಇಲ್ಲ. ಅದೊಂದೇ ಉಳಿದಿದ್ದರೆ ನನಗೆ ರಿಲ್ಯಾಪ್ಸಿಂಗ್ ಪಾಲಿಕಾಂಡ್ರೈಟಿಸ್‌ನ (ಮೃದ್ವಸ್ಥಿ ಪದೇ ಪದೇ ಊದುವ ಕಾಯಿಲೆ) ಅನುಮಾನ. ಆ್ಯಂಟಿಬಯಾಟಿಕ್‌ನ ಇನ್ನೊಂದು ಕೋರ್ಸ್ ನುಂಗುವುದು ಬಿಟ್ಟು ರುಮಟಾಲಜಿಸ್ಟರನ್ನು (ಕೀಲು ಮತ್ತು ಇಂಥ ಕಾಯಿಲೆಗಳ ತಜ್ಞರನ್ನು) ಕಾಣಿ.