ಚಿಪ್ ಕಂಪನಿಯ ಲಕ್ಷ ನೌಕರರು ಎಲ್ಲಿದ್ದಾರೆ?

ಪ್ರಶ್ನೆ: ನನ್ನ ಮಗಳು ಊರಿನಲ್ಲಿಯೇ ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್ ಮೂರನೆಯ ವರ್ಷದಲ್ಲಿ ಓದುತ್ತಿದ್ದಾಳೆ. ಲಕ್ಷಕ್ಕೂ ಹೆಚ್ಚು ಜನರಿದ್ದ ಇಂಟೆಲ್ ಕಂಪನಿ ಸಾವಿರಾರು ಮಂದಿಯನ್ನು ಕೆಲಸದಿಂದ ತೆಗೆದಿದೆ ಎಂದು ಓದಿ ಆತಂಕವಾಗಿದೆ. ಅಷ್ಟೊಂದು ಜನ ಎಲ್ಲಿ, ಏನು ಕೆಲಸ ಮಾಡುತ್ತಾರೆ? ಬೆಂಗಳೂರಿನಲ್ಲಿ ಅದರ ಕಾರ್ಖಾನೆ ಇದೆಯೆ?
– ಓದುಗರೊಬ್ಬರು, ವಿದ್ಯಾನಗರ, ದಾವಣಗೆರೆ

ಉತ್ತರ: ಬೆಂಗಳೂರಿನಲ್ಲಿ ಇಂಟೆಲ್‌ನ ಚಿಪ್ ಕಾರ್ಖಾನೆ ಇಲ್ಲ, ಅಲ್ಲಿರುವುದು ವಿನ್ಯಾಸ ಕೇಂದ್ರ. ನಿಮ್ಮ ಮಗಳ ದೃಷ್ಟಿಯಿಂದ ಒಟ್ಟು ನೌಕರರ ಸಂಖ್ಯೆಗಿಂತ ಈ ವ್ಯತ್ಯಾಸವೇ ಮುಖ್ಯವಾದುದು.

ನಿಮ್ಮೂರಿನ ಹತ್ತಿ ಗಿರಣಿಗಳನ್ನು ಕಂಡ ಹಿರಿಯರಿಗೆ, ಕಾರ್ಖಾನೆಯೆಂದರೆ ಒಂದೇ ಆವರಣದಲ್ಲಿ ಪಾಳಿಯ ಮೇಲೆ ದುಡಿಯುವ ಜನ ಎಂಬ ಚಿತ್ರ ಮನಸ್ಸಿನಲ್ಲಿರುತ್ತದೆ. ಚಿಪ್ಪಿನ ಕೆಲಸ ಹಾಗಲ್ಲ. ಬೆಂಗಳೂರಿನಂತಹ ಕೇಂದ್ರಗಳಲ್ಲಿ ವಿನ್ಯಾಸಗೊಂಡ ಚಿಪ್ಪು ಅಮೆರಿಕದ ಒರೆಗಾನ್ ಅಥವಾ ಅರಿಜೋನಾದಲ್ಲಿಯೋ, ಐರ್ಲೆಂಡಿನ ಲೀಕ್ಸ್‌ಲಿಪ್‌ನಲ್ಲಿಯೋ, ಇಸ್ರೇಲಿನ ಕಿರ್ಯತ್ ಗತ್‌ನಲ್ಲಿಯೋ ಸಿಲಿಕಾನ್ ಬಿಲ್ಲೆಯ ಮೇಲೆ ಮೂಡಿ, ಬಳಿಕ ಮಲೇಷ್ಯಾದ ಪೆನಾಂಗ್, ವಿಯೆಟ್ನಾಮಿನ ಹೋ ಚಿ ಮಿನ್ ನಗರ ಮೊದಲಾದೆಡೆ ಜೋಡಣೆ ಮತ್ತು ಪರೀಕ್ಷೆಗೆ ಹೋಗುತ್ತದೆ. ವಿನ್ಯಾಸದಲ್ಲಿ ಬಹುಪಾಲು ಎಂಜಿನಿಯರುಗಳು. ಹಗಲಿರುಳು ನಡೆಯುವ ಕಾರ್ಖಾನೆಯಲ್ಲಿ ತಂತ್ರಜ್ಞರು, ಯಂತ್ರ ನಿರ್ವಾಹಕರು, ರಸಾಯನ ಬಲ್ಲವರು.

ಇನ್ನೊಂದು ಚಿಪ್ ಕಂಪನಿ ಎನ್ವಿಡಿಯಾ ಜೊತೆಗೆ ಹೋಲಿಸಿದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. 2025ರ ಜನವರಿಯಲ್ಲಿ ಅದಕ್ಕಿದ್ದ ಸುಮಾರು 36,000 ನೌಕರರಲ್ಲಿ 27,000ಕ್ಕೂ ಹೆಚ್ಚು ಮಂದಿ ಸಂಶೋಧನೆ ಮತ್ತು ಅಭಿವೃದ್ಧಿಯಲ್ಲಿಯೇ ಇದ್ದರು, ಏಕೆಂದರೆ ಅದರ ಚಿಪ್ಪುಗಳನ್ನು ಮುಖ್ಯವಾಗಿ ತಯಾರಿಸಿಕೊಡುವುದು ತೈವಾನಿನ ಟಿಎಸ್‌ಎಂಸಿ ಎಂಬ ಕಂಪನಿ. ಇಂಟೆಲ್ ವಿನ್ಯಾಸ, ತಯಾರಿಕೆ ಎರಡನ್ನೂ ತಾನೇ ಹೊತ್ತಿರುವುದರಿಂದ ಅದರ ಜನಬಲ ದೊಡ್ಡದು. ನಷ್ಟ ಬಂದಾಗ ಬೀಳುವ ಹೊರೆಯೂ ದೊಡ್ಡದು. 2023ರ ಕೊನೆಗೆ 1,24,800 ಇದ್ದ ನೌಕರರು, 15 ಶೇಕಡಾ ಕಡಿತದ ಘೋಷಣೆಯಾದ 2024ರ ಕೊನೆಗೆ 1,08,900 ಆದರು. ಆ ವರ್ಷದ ನಿವ್ವಳ ನಷ್ಟ 18 ಶತಕೋಟಿ ಡಾಲರಿಗೂ ಹೆಚ್ಚು. 2025ರ ಜುಲೈನಲ್ಲಿ ಕಂಪನಿ ಹೇಳಿದ 75,000ದ ಗುರಿಯಲ್ಲಿ ಅಂಗಸಂಸ್ಥೆಗಳ ನೌಕರರು ಸೇರಿಲ್ಲ; ಆದ್ದರಿಂದ ಈ ಅಂಕಿಯನ್ನು ಹಿಂದಿನವುಗಳಿಂದ ನೇರವಾಗಿ ಕಳೆದು ಯಾರೂ ಗಾಬರಿಯಾಗಬಾರದು. ಆದರೂ ಕಡಿತ ದೊಡ್ಡದೇ, ಕೆಲಸ ಕಳೆದುಕೊಂಡವರ ಸಂಕಟವೂ ಸಣ್ಣದಲ್ಲ.

ಒಂದು ಕಂಪನಿಯ ಕಷ್ಟವನ್ನು ನೋಡಿ ಮಗಳ ದಾರಿಯನ್ನು ಬದಲಿಸಬೇಡಿ. 1985ರಲ್ಲಿ ಅಮೆರಿಕದ ಚಿಪ್ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದಂದಿನಿಂದ ಬೆಂಗಳೂರಿನಲ್ಲಿ ಬೆಳೆದಿರುವುದು ವಿನ್ಯಾಸದ ಕೆಲಸ. ಅಲ್ಲಿಗೆ ಹೋಗುವ ಆಸೆಯಿದ್ದರೆ ಅವಳು ಡಿಜಿಟಲ್ ಸರ್ಕ್ಯೂಟುಗಳನ್ನು ಗಟ್ಟಿಮಾಡಿಕೊಂಡು ಚಿಪ್ ವಿನ್ಯಾಸವನ್ನು ಬರೆಯುವ ಭಾಷೆಗಳಾದ ವೆರಿಲಾಗ್, ಸಿಸ್ಟಮ್ ವೆರಿಲಾಗ್ ಕಲಿಯಲಿ. ವಿನ್ಯಾಸವನ್ನು ಪರಿಶೀಲಿಸುವ ಕೆಲಸಕ್ಕೆ, ಅಂದರೆ ವೆರಿಫಿಕೇಷನ್‌ಗೆ, ಹೆಚ್ಚು ಜನ ಬೇಕಾಗುತ್ತಾರೆ. ತಯಾರಿಕೆಯ ಬದಿಯೇ ಇಷ್ಟವೆಂದಾದರೆ ಗುಜರಾತಿನ ಸಾನಂದ್‌ನ ಮೈಕ್ರಾನ್, ಅಸ್ಸಾಮಿನ ಜಾಗಿರೋಡ್‌ನ ಟಾಟಾ ಚಿಪ್ ಘಟಕಗಳ ನೇಮಕಾತಿಯನ್ನು ಗಮನಿಸುತ್ತಿರಲಿ, ಆದರೆ ಊರು ಬಿಟ್ಟು ದೂರ ಹೋಗಲು ಮನೆಯವರೆಲ್ಲರೂ ಸಿದ್ಧರಿರಬೇಕಾಗುತ್ತದೆ.