ತೊಗರಿಗೆ ಪಟ್ಟಿ ಇದೆ, ಬರಹಕ್ಕೆ ಯಾಕಿಲ್ಲ?

(ಗುರುತು ಸಿಗಬಾರದೆಂದು ಊರು, ವಯಸ್ಸು, ಮನೆಯ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಆಕೆ ಬಂದದ್ದು ತಲೆನೋವಿಗೆ. ಡಾಕ್ಟರು ಕಣ್ಣು, ಬಿಪಿ, ರಕ್ತ ಎಲ್ಲ ನೋಡಿ, ಏನೂ ಇಲ್ಲ ಎಂದು ಆಪ್ತ ಸಮಾಲೋಚನೆಗೆ ನನ್ನ ಹತ್ತಿರ ಕಳಿಸಿದ್ದರು. ಏಪ್ರಿಲ್ ಕೊನೆ. ಕಲಬುರಗಿಯ ಬಿಸಿಲಿಗೆ ಯಾರಿಗಾದರೂ ತಲೆ ನೋಯುತ್ತದೆ, ಆದರೆ ಈಕೆಯ ನೋವು ರಾತ್ರಿ ಹನ್ನೊಂದರ ಮೇಲೆ ಶುರುವಾಗುತ್ತಿತ್ತು. ಮೊಬೈಲ್ ಕೈಗೆ ತಗೊಂಡಾಗ.

29 ವರ್ಷ. ಸೇಡಂ ಕಡೆಯ ಹಳ್ಳಿಯವರು. ಕನ್ನಡ ಎಂ.ಎ. ಮಾಡಿ, ಖಾಸಗಿ ಶಾಲೆಯೊಂದರಲ್ಲಿ ನಾಲ್ಕು ವರ್ಷ ಪಾಠ ಹೇಳಿ, ಅದನ್ನು ಬಿಟ್ಟು ಈಗ ಮನೆಯಿಂದಲೇ ಬರೆಯುತ್ತಾರೆ. ಹಿಂದಿ, ಇಂಗ್ಲಿಷಿನಿಂದ ಅನುವಾದ, ಯೂಟ್ಯೂಬ್ ಚಾನೆಲ್‌ಗಳಿಗೆ ಸ್ಕ್ರಿಪ್ಟ್, ಆ್ಯಪ್‌ಗಳಿಗೆ ಕನ್ನಡ. ಕೆಲಸ ಇತ್ತು. ಮೂರು ಕಡೆಯಿಂದ ಬರಬೇಕಾದ 38,000 ರೂಪಾಯಿಯೂ ಹಾಗೇ ಬಾಕಿ ಇತ್ತು. ಹಳೆಯ ಬಾಕಿಗೆ ಏಳು ತಿಂಗಳು.

"ಕೇಳಿದ್ರಾ?" ಎಂದೆ. ಸುಮ್ಮನಾದರು. ಆಮೇಲೆ ಮೊಬೈಲ್ ತೋರಿಸಿದರು. ಪ್ರತಿ ರಾತ್ರಿ ಒಂದು ಮೆಸೇಜ್ ಟೈಪ್ ಮಾಡುವುದು, ಅಳಿಸುವುದು. ಅವತ್ತು ಅಳಿಸದೆ ಉಳಿದದ್ದು ಹೀಗಿತ್ತು: "ಸರ್, ತೊಂದರೆ ಕೊಡ್ತಿದೀನಿ, ಕ್ಷಮಿಸಿ. ನಿಮಗೆ ಅನುಕೂಲ ಆದಾಗ, ಆಗದಿದ್ರೂ ಪರವಾಗಿಲ್ಲ..." ಹಣ ಎಂಬ ಮಾತೇ ಅದರಲ್ಲಿ ಇರಲಿಲ್ಲ.

ಮೊದಲ ದಿನ ನಾನು ಒಂದು ತಪ್ಪು ಮಾಡಿದೆ. ಇಷ್ಟು ಕಷ್ಟವಾದರೆ ಸಂಬಳದ ಕೆಲಸ ನೋಡಬಾರದೇ ಎಂದುಬಿಟ್ಟೆ. ಆಕೆಯ ಮುಖ ಬಾಡಿತು. ಮನೆಯಲ್ಲಿ ದಿನಾ ಕೇಳುವ ಮಾತು ಅದೇ. ಪಿಡಿಒ, ಎಫ್‌ಡಿಎ ಪರೀಕ್ಷೆಗೆ ಓದು, 371ಜೆ ಸರ್ಟಿಫಿಕೇಟ್ ಇದೆ, ನಮ್ಮ ಭಾಗದವರಿಗೆ ಮೀಸಲಾತಿ ಇದೆ, ಇನ್ನೇನು ಬೇಕು? ತಾಯಿಯ ಮಾತು ಇನ್ನೂ ಚುರುಕು: "ಬರದ್ರ ಹೊಟ್ಟಿ ತುಂಬ್ತದೇನು?"

ಎರಡನೇ ಭೇಟಿಗೆ ಲೆಕ್ಕದ ನೋಟ್‌ಬುಕ್ ತರಲು ಹೇಳಿದೆ. ಒಂದು ಅನುವಾದವನ್ನು ಕೂತು ಬಿಡಿಸಿದೆವು. 9,000 ಪದ, ಪದಕ್ಕೆ 40 ಪೈಸೆ, 3,600 ರೂಪಾಯಿ. ಮೂರು ಸಲ ತಿದ್ದಿಸಿದ್ದನ್ನೂ ಸೇರಿಸಿದರೆ 26 ಗಂಟೆ. ಗಂಟೆಗೆ 140 ರೂಪಾಯಿಯೂ ಬೀಳಲಿಲ್ಲ. ಇನ್ನೊಂದು ಪುಟದಲ್ಲಿ 12,000 ಬರಬೇಕಾದಲ್ಲಿ 10,800 ಬಂದಿತ್ತು. ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಬರೆದುಕೊಂಡಿದ್ದರು: "ತಪ್ಪು ಜಾಸ್ತಿ ಇತ್ತೇನೋ."

ಅದನ್ನು ಓದಿ ನನಗೆ ಹೊಟ್ಟೆ ಹಿಂಡಿದ ಹಾಗಾಯಿತು. ಅದು ಟಿಡಿಎಸ್, ಅಂದರೆ ಹಣ ಕೊಡುವಾಗಲೇ ಹಿಡಿಯುವ ಆದಾಯ ತೆರಿಗೆ. ವೃತ್ತಿ ಶುಲ್ಕ ಕೊಡುವ ಕಂಪನಿ ಸಾಮಾನ್ಯವಾಗಿ ಶೇಕಡಾ 10 ಹಿಡಿದು ನಿಮ್ಮ ಪ್ಯಾನ್ ಹೆಸರಲ್ಲಿ ಸರ್ಕಾರಕ್ಕೆ ಕಟ್ಟುತ್ತದೆ. ಪ್ಯಾನ್ ಕೊಡದಿದ್ದರೆ 20 ಹಿಡಿಯುತ್ತದೆ. ಅಲ್ಲೇ ಕೂತು ಆದಾಯ ತೆರಿಗೆಯ ಪೋರ್ಟಲ್‌ನಲ್ಲಿ 26ಎಎಸ್, ಅಂದರೆ ಹೀಗೆ ಹಿಡಿದ ತೆರಿಗೆಯ ವಿವರದ ಹಾಳೆ, ತೆಗೆದೆವು. ಹಿಡಿದದ್ದೆಲ್ಲ ಅಲ್ಲಿ ಸಾಲಾಗಿ ಇತ್ತು. ಆಕೆಯ ಆದಾಯ ತೆರಿಗೆ ಬೀಳುವಷ್ಟು ಇಲ್ಲ. ರಿಟರ್ನ್ ಸಲ್ಲಿಸಿದರೆ ಅಷ್ಟೂ ವಾಪಸ್ ಬರುತ್ತದೆ. ತನ್ನದೇ ದುಡ್ಡು ಸರ್ಕಾರದ ಹತ್ತಿರ ಇದ್ದಾಗ, ಅದು ತನ್ನ ಕನ್ನಡಕ್ಕೆ ಬಿದ್ದ ದಂಡ ಅಂತ ಒಂದು ವರ್ಷ ನೊಂದುಕೊಂಡಿದ್ದರು.

ಯಾಕೆ ಹಾಗನಿಸಿತು? ಇದು ಹೊರಬರಲು ಮೂರನೇ ಭೇಟಿ ಬೇಕಾಯಿತು. ಕೆಲಸ ಶುರು ಮಾಡಿದ ಹೊಸದರಲ್ಲಿ ಒಬ್ಬರು ಫೋನಿನಲ್ಲಿ ಹೇಳಿದ್ದರಂತೆ, "ನಿಮ್ಮ ಕಡೆಯ ಕನ್ನಡ ನಮಗೆ ನಡೆಯಲ್ಲ." ಅಂದಿನಿಂದ ಯಾರು ಏನು ತಿದ್ದಿದರೂ ಈಕೆಗೆ ಕೇಳುವುದು ಅದೇ ಮಾತು. ಇಂಥ ಕನ್ನಡಕ್ಕೆ ಹಣ ಕೇಳುವುದು ಹೇಗೆ ಎಂಬ ನಾಚಿಕೆ.

ಈ ನಾಚಿಕೆಯನ್ನು ನಮ್ಮ ಭಾಗದ ಬಹಳ ಮಕ್ಕಳಲ್ಲಿ ನೋಡಿದ್ದೇನೆ, ನನಗೆ ಸಂಕಟವಾಗುತ್ತದೆ. ಆಕೆಗೆ ಒಂದೇ ಮಾತು ಹೇಳಿದೆ. ನಮಗೆ ಸಿಕ್ಕಿರುವ ಅತಿ ಹಳೆಯ ಕನ್ನಡ ಕೃತಿ ಕವಿರಾಜಮಾರ್ಗ. 9ನೇ ಶತಮಾನದಲ್ಲಿ ಅದು ಹುಟ್ಟಿದ್ದು ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ. ಅವನ ರಾಜಧಾನಿ ಮಾನ್ಯಖೇಟ, ಅಂದರೆ ನಿಮ್ಮ ಸೇಡಂ ತಾಲೂಕಿನ ಕಾಗಿಣಾ ದಂಡೆಯ ಮಳಖೇಡ. ಆಕೆ ಎಂ.ಎ.ಯಲ್ಲಿ ಓದಿದ್ದದ್ದೇ. ತನ್ನ ಮೇಲೆ ಅದನ್ನು ಹಚ್ಚಿಕೊಂಡು ನೋಡಿರಲಿಲ್ಲ. ಇನ್ನೊಂದು ಮಾತು. ದಖ್ಖನಿ ಉರ್ದು ಆಕೆಗೆ ಓಣಿಯಲ್ಲೇ ಬಂದಿದೆ, ತೆಲುಗು ಗಡಿಯಿಂದ ಬಂದಿದೆ. ತಾನು ಏನು ಬಲ್ಲೆ ಎಂದು ಬರೆದ ಪುಟದಲ್ಲಿ ಎರಡೂ ಇರಲಿಲ್ಲ. ಬರೆಸಿದೆ.

ನಾಲ್ಕನೇ ಸಲ ತಾಯಿಯನ್ನೂ ಕರೆದೆ. ಜಗಳಕ್ಕೆ ಸಿದ್ಧವಾಗಿಯೇ ಬಂದಿದ್ದರು. ನಾನು ಬರಹದ ಸುದ್ದಿ ಎತ್ತಲಿಲ್ಲ. ತೊಗರಿ ಮಾರಿದ ದುಡ್ಡನ್ನು ವರ್ಷವಿಡೀ ಹೇಗೆ ಸಾಗಿಸ್ತೀರಿ ಅಂದೆ. ಆ ತಾಯಿ ಅರ್ಧ ಗಂಟೆ ಹೇಳಿದರು. ಮಳೆಗೆ ಬಿತ್ತಿದ್ದು ಸಂಕ್ರಾಂತಿ ಸುತ್ತಮುತ್ತ ಕೈಗೆ ಬರುತ್ತದೆ. ದುಡ್ಡು ಬಂದ ದಿನವೇ ಮೊದಲು ಸಾಲ, ಆಮೇಲೆ ಬೀಜ-ಗೊಬ್ಬರಕ್ಕೆ ಎತ್ತಿಟ್ಟದ್ದು, ಆಮೇಲೆ ಮನೆ. ಉಣ್ಣುವ ಜೋಳ ಮಾತ್ರ ಮಾರುವುದೇ ಇಲ್ಲ. ಹೇಳುತ್ತಾ ಹೇಳುತ್ತಾ ಅವರ ಕಣ್ಣು ತುಂಬಿತು. ಮಳೆ ಕೈಕೊಟ್ಟ ವರ್ಷಗಳು ನೆನಪಾದವು. ಮಗಳಾದರೂ ತಿಂಗಳ ಸಂಬಳ ನೋಡಲಿ ಎಂಬುದು ಅಲ್ಲಿಂದ ಬಂದದ್ದು. ಅವರಿಗೆ ಬರಹದ ಮೇಲೆ ಸಿಟ್ಟೇನೂ ಇರಲಿಲ್ಲ, ಮಳೆಯಂಥ ದುಡ್ಡಿನ ಭಯ ಇತ್ತು. ಮಗಳು ಇದನ್ನು ಮೊದಲ ಸಲ ಕೇಳಿದ ಹಾಗೆ ಕೂತಿದ್ದರು.

ಕಾಳು ಮಾರುವ ಪೇಟೆಗೆ ನಮ್ಮಲ್ಲಿ ಗಂಜ್ ಅನ್ನುತ್ತಾರೆ, ಅಲ್ಲಿ ಕೊಡುವ ಬಿಲ್‌ಗೆ ಪಟ್ಟಿ. ಆಗ ಕೇಳಿದೆ: "ಗಂಜ್‌ಗೆ ತೊಗರಿ ಒಯ್ದರೆ ತೂಕ ಮಾಡಿಸದೆ, ಪಟ್ಟಿ ತಗೊಳ್ಳದೆ ಬರ್ತೀರಾ?" ತಾಯಿ ಮಗಳ ಕಡೆ ತಿರುಗಿದರು. "ನೀ ಪಟ್ಟಿ ಕೊಡಂಗಿಲ್ಲೇನು?"

ಉಳಿದದ್ದು ಬೇಗ ಆಯಿತು. ಕೊಟ್ಟ ಸಲಹೆ ಇಷ್ಟು. ಕೆಲಸ ಹಿಡಿಯುವ ಮುಂಚೆ ದರ ಬರೆದು ಕಳಿಸಿ, ವಾಟ್ಸಾಪ್ ಆದರೂ ಸಾಕು. ಹೊಸಬರಾದರೆ ಅರ್ಧ ಮುಂಗಡ. ತಿದ್ದುವುದು ಎರಡು ಸಲ, ಮೂರನೆಯದಕ್ಕೆ ಬೇರೆ ದುಡ್ಡು. ಕೆಲಸ ಕೊಟ್ಟ ದಿನವೇ ಪಟ್ಟಿ, ಅಂದರೆ ಬಿಲ್: ನಂಬರ್, ತಾರೀಖು, ಪ್ಯಾನ್, ಕೊನೆ ದಿನ. ಹಕ್ಕಿನ ಮಾತನ್ನೂ ಬರೆಯಿರಿ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ನೌಕರಿಯಲ್ಲಿ ಇಲ್ಲದೆ ಬರೆದದ್ದರ ಹಕ್ಕು ಸಾಮಾನ್ಯವಾಗಿ ಬರೆದವರದ್ದೇ. ಅದನ್ನು ಬಿಟ್ಟುಕೊಡುವುದು ಬರವಣಿಗೆಯಲ್ಲೇ ಆಗಬೇಕು. ಎಷ್ಟು ವರ್ಷಕ್ಕೆ ಎಂದು ಬರೆಯದಿದ್ದರೆ ಐದು ವರ್ಷ ಎಂದು ಲೆಕ್ಕ. ಉದ್ಯಮ್ ನೋಂದಣಿಯನ್ನೂ ಮಾಡಿಸಿದೆವು, ಅದು ಉಚಿತ. ನೋಂದಾಯಿಸಿದ ಸಣ್ಣ ಉದ್ಯಮಕ್ಕೆ ಕೊಡಬೇಕಾದ ಹಣವನ್ನು ಒಪ್ಪಂದ ಇಲ್ಲದಿದ್ದರೆ 15 ದಿನದಲ್ಲಿ, ಇದ್ದರೂ 45 ದಿನದೊಳಗೆ ಕೊಡಬೇಕು, ತಡವಾದರೆ ಬಡ್ಡಿ ಎಂದು ಸಣ್ಣ ಉದ್ಯಮಗಳ 2006ರ ಕಾಯ್ದೆ ಹೇಳುತ್ತದೆ. ಹಳೆಯ ಬಾಕಿಗೆ ಇದನ್ನು ನಂಬಿ ಕೂರುವಂತಿರಲಿಲ್ಲ. ಮುಂದಿನದಕ್ಕೆ ಬಲ.

ಬಂದ ದುಡ್ಡಿಗೆ ತಾಯಿಯ ಪದ್ಧತಿಯೇ. ಬೆಳಿಗ್ಗೆ ಎರಡು ಗಂಟೆ ಮಕ್ಕಳಿಗೆ ಟ್ಯೂಷನ್ ಹೇಳುವುದೆಂದು ಆಕೆಯೇ ನಿರ್ಧರಿಸಿದರು. ಅದು ಉಣ್ಣುವ ಜೋಳ, ಬಾಡಿಗೆಗೆ ಸಾಕು.

ಮೆಸೇಜನ್ನು ನನ್ನ ಕೋಣೆಯಲ್ಲೇ ಬರೆಸಿದೆ. "ನಮಸ್ಕಾರ. ಸೆಪ್ಟೆಂಬರ್‌ನಲ್ಲಿ ಕೊಟ್ಟ ಎಂಟು ಸ್ಕ್ರಿಪ್ಟ್‌ಗಳ ಹಣ 16,000 ರೂಪಾಯಿ ಬಾಕಿ ಇದೆ. ಬಿಲ್ ಜೊತೆಗಿದೆ. 15ರೊಳಗೆ ಹಾಕಿ." ಮೂರು ಸಲ ಜೋರಾಗಿ ಓದಿಸಿದೆ. ಮೊದಲ ಸಲ ಕೊನೆಗೆ "ಸಾರಿ ಸರ್" ಸೇರಿಸಿ ಓದಿದರು. ಮೂರನೆಯ ಸಲ ಇಲ್ಲ. ಕಳಿಸುವಾಗ ಕೈ ನಡುಗುತ್ತಿತ್ತು. ಉತ್ತರ ಆರು ನಿಮಿಷಕ್ಕೆ ಬಂತು: "ಓಹೋ, ಮರೆತೇ ಹೋಗಿತ್ತು." ಏಳು ತಿಂಗಳ ನಿದ್ದೆ ಹೋಗಿದ್ದು ಇಷ್ಟಕ್ಕೆ.

ಆ 16,000 ಬಂತು. ಇನ್ನೊಬ್ಬರಿಂದ 8,000 ಬಂತು. ಮುಂಗಡ ಕೇಳಿದ್ದಕ್ಕೆ ಒಬ್ಬರು ಕೆಲಸ ಕೊಡುವುದನ್ನೇ ನಿಲ್ಲಿಸಿದರು, ಆ ವಾರ ತಲೆನೋವು ಮತ್ತೆ ಬಂದಿತ್ತು. ಮೂರನೆಯವರಿಂದ ಬರಬೇಕಾದ 14,000 ಬರಲಿಲ್ಲ. ವಕೀಲರಿಂದ ಒಂದು ನೋಟಿಸ್ ಕೊಡಿಸೋಣ ಎಂಬುದು ನನ್ನ ಅಭಿಪ್ರಾಯವಾಗಿತ್ತು. ಆಕೆ ಬೇಡ ಎಂದರು. ಆ ಬಾಕಿಯವರೇ ಈಗ ಇನ್ನೊಂದು ಅನುವಾದ ಕಳಿಸಿದ್ದಾರೆ, ಹಳೆಯದು ಕೊಟ್ಟ ಮೇಲೆ ಇದನ್ನು ಮುಟ್ಟುತ್ತೇನೆ ಎಂದು ಬರೆದಿದ್ದೇನೆ ಎಂದರು. ಆ ಮೆಸೇಜ್ ಕಳಿಸಿದ್ದು ನನಗೆ ಗೊತ್ತೇ ಇರಲಿಲ್ಲ.